ಸದಾಪುಷ್ಪಕ್ಕೆ ಹೇಳಿ ಬಂದದ್ದು

ಬ್ಯಾಡಗಿಯಲ್ಲಿ ನಮ್ಮ ಮನೆಯ ಕಟ್ಟೆಗೂ ಗಟಾರಕ್ಕೂ ನಡುವೆ ಎರಡು ಮೊಳ ಅಗಲದ ಮಣ್ಣಿದೆ. ಅಲ್ಲಿ ಸದಾಪುಷ್ಪದ ಗಿಡಗಳಿದ್ದವು. ಮೊದಲ ಗಿಡ ತಂದವಳು ನಾನು. ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಊರಿಗೆ ಬರುವಾಗ ಹಾಸ್ಟೆಲಿನ ಮುಂದಿನ ಪಾತಿಯಿಂದ ಒಂದು ಸಸಿಯನ್ನು ಮಣ್ಣು ಸಹಿತ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೆ. ಬಿಳಿಯ ಐದು ಎಸಳು, ನಡುವೆ ಕೆಂಪು ಕಣ್ಣು. ನೆಟ್ಟ ಮೇಲೆ, ಕಲಿತ ಚಾಳಿ, ಒಂದು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಳಿಸದ ಶಾಯಿಯಲ್ಲಿ ಅದರ ಶಾಸ್ತ್ರೀಯ ಹೆಸರು, ಕುಲ, ನೆಟ್ಟ ದಿನ ಬರೆದು ಬುಡದಲ್ಲಿ ಸಿಕ್ಕಿಸಿದೆ.

ಎದುರು ಮನೆಯ ಚಿಗವ್ವ ಕೈಯಲ್ಲಿ ಕಸಬರಿಗೆ ಹಿಡಿದುಕೊಂಡೇ ಬಂದು ಬಗ್ಗಿ ನೋಡಿದಳು. ಅವಳು ನಮಗೆ ಸಂಬಂಧಿಯಲ್ಲ. ಓಣಿಯಲ್ಲಿ ಅವ್ವನಿಗಿಂತ ಚಿಕ್ಕವರೆಲ್ಲ ನನಗೆ ಚಿಗವ್ವಂದಿರು.

"ಏನವಾ ಇದು, ಗಿಡಕ್ಕೂ ಆಧಾರ ಕಾರ್ಡ ಮಾಡ್ಸಿದಿ?"

"ಅದರ ಹೆಸರು, ಚಿಗವ್ವ."

"ಹೆಸರು ಮೊಳ ಐತಿ, ಗಿಡ ಗೇಣಿಲ್ಲ." ಆಮೇಲೆ ಅವ್ವನ ಕಡೆ ತಿರುಗಿ, "ಯಕ್ಕಾ, ಇಕಿನ್ನ ಯಾರಿಗೆ ಕೊಡತೀಬೇ? ಗಂಡನ ಹಣೀಗೂ ಚೀಟಿ ಹಚ್ಚತಾಳ ಇಕಿ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆದರೆ ಆ ಪಟ್ಟಿಯನ್ನು ಅವಳು ಕೊನೆಯವರೆಗೂ ತೆಗೆಯಲಿಲ್ಲ. ಅಂಗಳ ಸಾರಿಸುವಾಗ ಸಗಣಿನೀರು ಸಿಡಿದರೆ ಒರೆಸುತ್ತಿದ್ದಳು. ಅವಳಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಮಗಳು ಬರೆದದ್ದು ಎಂಬುದಷ್ಟೇ ಅವಳಿಗೆ ಬೇಕಾಗಿತ್ತು.

ಅವ್ವನ ಎಡಗಾಲಿನ ವಿಷಯ ಹೇಳಬೇಕಾದರೆ ಆ ಪಟ್ಟಿಯಿಂದಲೇ ಶುರು ಮಾಡಬೇಕು. ಬೇರೆ ಕಡೆಯಿಂದ ಶುರು ಮಾಡಿ ನೋಡಿದ್ದೇನೆ. ಎಲ್ಲಿಂದ ಹೊರಟರೂ ಅಲ್ಲಿಗೇ ಬಂದು ನಿಲ್ಲುತ್ತೇನೆ.

ನಾನು ಪಿಯುಸಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಅದಕ್ಕೂ ಮೊದಲಿನಿಂದ ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಸುಗ್ಗಿಯಲ್ಲಿ, ಸಂಕ್ರಾಂತಿಯಿಂದ ಬೇಸಿಗೆ ಮುಗಿಯುವವರೆಗೆ, ಮಾರ್ಕೆಟ್ಟಿನ ಹಿಂದಿನ ಗೋದಾಮಿನಲ್ಲಿ ನಲವತ್ತು ಐವತ್ತು ಹೆಂಗಸರು ಕೆಂಪು ರಾಶಿಯ ಸುತ್ತ ಕೂರುತ್ತಾರೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಕಾಲು ಚಾಚಿ. ರಾಶಿ ಕರಗುತ್ತ ಬಂದಂತೆ ಪಾದಗಳು ಮೆಣಸಿನಕಾಯಿಯಲ್ಲಿ ಹುಗಿದುಹೋಗಿರುತ್ತವೆ. ಸಂಜೆ ಮನೆಗೆ ಬಂದ ಮೇಲೆ ಅವ್ವ ಕೈಕಾಲಿಗೆ ಮಜ್ಜಿಗೆ ಹಚ್ಚಿಕೊಂಡು ಅರ್ಧ ತಾಸು ಯಾರನ್ನೂ ಮುಟ್ಟದೆ ಕೂರುತ್ತಿದ್ದಳು. ಸಣ್ಣವಳಿದ್ದಾಗ ಅವಳ ಮಡಿಲಿಗೆ ಹೋಗಲು ಮಜ್ಜಿಗೆ ಒಣಗುವುದನ್ನೇ ಕಾಯುತ್ತಿದ್ದೆ.

ಆ ಹೆಂಗಸರಿಗೆ ಗಾಯವನ್ನು ಅಳೆಯುವ ಅಳತೆ ಒಂದೇ. ಚಾಕು ತಾಗಿದರೂ, ಚೀಲ ಹೊಲಿಯುವ ದಬ್ಬಣ ಚುಚ್ಚಿದರೂ, ಹಿಮ್ಮಡಿ ಒಡೆದರೂ, ಮಾರನೆಯ ದಿನ ಕೆಲಸಕ್ಕೆ ಕುಳಿತಾಗ ಖಾರ ಹತ್ತಿ ಉರಿದರೆ ಗಾಯ ಇನ್ನೂ ಹಸಿಯಾಗಿದೆ. ಉರಿಯದಿದ್ದರೆ ವಾಸಿಯಾಗಿದೆ. ಬಟ್ಟೆ ಬಿಚ್ಚಿ ನೋಡುವ ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಆ ಅಳತೆ ಯಾರಿಗೂ ತಪ್ಪಿದ್ದನ್ನು ನಾನು ಕೇಳಿರಲಿಲ್ಲ.

ನನಗೆ ರಾಣೇಬೆನ್ನೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಅಲ್ಲೇ ಒಂದು ಕೋಣೆ ಹಿಡಿದೆ. ಪ್ರತಿ ಭಾನುವಾರ ಬ್ಯಾಡಗಿಗೆ ಬಂದು ಸಂಜೆಯ ಬಸ್ಸಿಗೆ ಮರಳುತ್ತಿದ್ದೆ. ಎರಡು ವರ್ಷದ ಹಿಂದೆ ಅವ್ವನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಗುಳಿಗೆ ಶುರುವಾಯಿತು. ಅವಳು ಮರೆಯುವವಳೆಂದು ನಾನು ಭಾನುವಾರ ಬಂದ ಕೂಡಲೇ ಗುಳಿಗೆಯ ಪಟ್ಟಿ ತೆಗೆದು ಎಷ್ಟು ಗುಂಡಿ ಖಾಲಿಯಾಗಿವೆ ಎಂದು ಎಣಿಸುತ್ತಿದ್ದೆ. ಏಳು ದಿನಕ್ಕೆ ಹದಿನಾಲ್ಕು. ಯಾವತ್ತೂ ಹದಿನಾಲ್ಕೇ ಇರುತ್ತಿತ್ತು.

"ಪರೀಕ್ಷಾ ಮುಗೀತೇನ್ರಿ ಅಕ್ಕೋರ?" ಎಂದು ಅವ್ವ, ಶಾಲೆಯ ಟೀಚರನ್ನು ಕೇಳುವ ಹಾಗೆ, ಕೇಳುತ್ತಿದ್ದಳು. "ಪಾಸೋ, ಫೇಲೋ?"

"ಪಾಸ್."

ಹೋದ ವರ್ಷ ಸಂಕ್ರಾಂತಿ ಮುಗಿದ ಭಾನುವಾರ, ಕಟ್ಟೆಯ ಮೇಲೆ ಕುಳಿತು ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಸದಾಪುಷ್ಪ ಅಷ್ಟರಲ್ಲಿ ಒಂದಿದ್ದದ್ದು ಹತ್ತಾಗಿತ್ತು. ಅದಕ್ಕೆ ಆರೈಕೆ ಬೇಡ. ಬೀಜ ತಾನೇ ಸಿಡಿದು ಕಲ್ಲಿನ ಸಂದಿಯಲ್ಲೂ ಹುಟ್ಟುತ್ತದೆ. ಓಣಿಯಲ್ಲಿ ಬಿಟ್ಟ ಒಂದು ಆಡು ಬಂದು ಮೂಸಿ, ಬಾಯಿ ಹಾಕದೆ ಮುಂದೆ ಹೋಯಿತು.

"ಆಡು ಮುಟ್ಟದ ಸೊಪ್ಪಿಲ್ಲ ಅಂತಾರ," ಎಂದಳು ಅವ್ವ, ಅಕ್ಕಿ ಹಸನು ಮಾಡುತ್ತ. "ಇದನ್ಯಾಕ ಮುಟ್ಟವಲ್ದು?"

"ಕಹಿ ಇರತೈತವ್ವಾ."

"ಕಹಿ ಇದ್ರ ಔಷಧೀನ ಇರಬೇಕು. ಹೌದಲ್ಲ? ಇದು ಔಷಧಿ ಗಿಡ ಹೌದ ಅಲ್ಲ?"

"ಹೌದು. ಇದರ ಎಲಿಯಿಂದ ದೊಡ್ಡ ಜಡ್ಡಿನ ಔಷಧಿ ತೆಗೀತಾರ. ರಕ್ತದ ಕ್ಯಾನ್ಸರಿಗೆ."

ಅವ್ವ ಮೊರದಲ್ಲಿ ಕೈ ಆಡಿಸುವುದನ್ನು ನಿಲ್ಲಿಸಿದಳು. "ಅಷ್ಟ ದೊಡ್ಡ ಜಡ್ಡಿಗೆ?"

"ಹ್ಞೂಂ."

"ಹಂಗಾದ್ರ ಸಣ್ಣ ಜಡ್ಡ ಇದರ ಮುಂದ ಏನು."

ಅದು ಪ್ರಶ್ನೆಯಂತೆ ಕೇಳಿಸಲಿಲ್ಲ. ನಾನು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಪತ್ರಿಕೆಯಲ್ಲಿ ಒಬ್ಬ ಹುಡುಗಿ ಎಲೆಯ ಅಡ್ಡ ಸೀಳಿಕೆಯ ಚಿತ್ರ ತಪ್ಪು ಬರೆದಿದ್ದಳು. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವುದು ನನ್ನ ಸ್ವಭಾವ. ಯಾಕೆ ಕೇಳಿದೆ ಎಂದು ಮರಳಿ ಕೇಳುವುದು ನನ್ನ ಸ್ವಭಾವವಲ್ಲ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಹಾಗೆ ಕೆದಕುತ್ತಿರಲಿಲ್ಲ. ಅದನ್ನು ನಾನು ಒಳ್ಳೆಯ ನಡತೆ ಎಂದುಕೊಂಡಿದ್ದೆ.

ಅವ್ವನಿಗೆ ಈ ಎಲೆಯ ವಿಷಯ ಮೊದಲು ಹೇಳಿದವಳು ಗೋದಾಮಿನಲ್ಲಿ ಪಕ್ಕ ಕೂರುತ್ತಿದ್ದ ಕದರಮಂಡಲಗಿಯ ಮುದುಕಿ ಎಂದು ಆಮೇಲೆ ತಿಳಿಯಿತು. ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಏಳು ಎಲೆ, ನಲವತ್ತೆಂಟು ದಿನ. ಹಿಂದಿನ ಸಂಜೆ ಗಿಡಕ್ಕೆ ಅರಿಷಿಣ ಕುಂಕುಮ ಇಟ್ಟು, "ನಾಳಿ ಬರತೇನಿ, ನಿನ್ನ ಗುಣ ನನಗ ಕೊಡು" ಎಂದು ಹೇಳಿ ಬರಬೇಕು. ಮುಂಜಾನೆ ಯಾರೊಂದಿಗೂ ಮಾತಾಡದೆ ಹೋಗಿ ಕೀಳಬೇಕು. ಜೊತೆಗೆ ಬೇರೆ ಗುಳಿಗೆ ನುಂಗಬಾರದು, ನುಂಗಿದರೆ ಎರಡೂ ಜಗಳಾಡುತ್ತವೆ. ಮತ್ತು ಮುಗಿಯುವವರೆಗೆ ಯಾರ ಮುಂದೆಯೂ ಬಾಯಿ ಬಿಡಬಾರದು. ಹೇಳಿದರೆ ಔಷಧದ ಗುಣ ಹೋಗುತ್ತದೆ.

ಮುದುಕಿಯ ಮಾತನ್ನು ಅವ್ವ ಪೂರ್ತಿ ನಂಬಿರಲಿಲ್ಲ. ಅದಕ್ಕೇ ನನ್ನನ್ನು ಕೇಳಿದ್ದಳು. ಎಂ.ಎಸ್ಸಿ. ಓದಿದ ಮಗಳು ಹೌದು ಎಂದಳು. ಮರುದಿನ ಸಂಜೆ ಅವ್ವ ಗಿಡದ ಬುಡದಲ್ಲಿ, ನಾನು ಹೆಸರು ಬರೆದ ಪಟ್ಟಿಯ ಪಕ್ಕ, ಕುಂಕುಮ ಇಟ್ಟಳು.

ನಾನು ಏನನ್ನೂ ಗಮನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಿಡದ ಬುಡದಲ್ಲಿ ಕುಂಕುಮ ಕಂಡಿದ್ದೆ. ನಮ್ಮಲ್ಲಿ ತುಳಸಿಗೆ ಇಟ್ಟ ಕೈ ಪಕ್ಕದ ಗಿಡಕ್ಕೂ ಹೋಗುತ್ತದೆ, ಹಾಗೇ ಇರಬೇಕು ಎಂದುಕೊಂಡೆ. ಅವ್ವ ತೆಳ್ಳಗಾಗಿದ್ದನ್ನು ಕಂಡಿದ್ದೆ, ಸುಗ್ಗಿಯಲ್ಲಿ ಯಾವಾಗಲೂ ತೆಳ್ಳಗಾಗುತ್ತಾಳೆ ಎಂದುಕೊಂಡೆ. ಗುಳಿಗೆಯ ಪಟ್ಟಿಯಲ್ಲಿ ಹದಿನಾಲ್ಕು ಗುಂಡಿ ಖಾಲಿ ಇದ್ದವು. ಪಾಸ್.

ಫೆಬ್ರುವರಿಯಲ್ಲಿ ಎಡಗಾಲಿನ ಹೆಬ್ಬೆರಳ ಕೆಳಗೆ ದಬ್ಬಣ ಚುಚ್ಚಿತು. ಅದನ್ನು ಅವ್ವ ಹೇಳಿದಳು, ಅದು ಗುಟ್ಟಿನ ವಿಷಯವಲ್ಲವಲ್ಲ. ನಾನು ಟಿ.ಟಿ. ಸೂಜಿ ಹಾಕಿಸಿದೆ. ಮುಂದಿನ ಭಾನುವಾರ ಕೇಳಿದೆ.

"ಗಾಯ ಹೆಂಗೈತವ್ವಾ?"

"ಆರೇತಿ. ಒಂದೀಟೂ ಉರಿಯಂಗಿಲ್ಲ." ಹಾಗೆ ಹೇಳುವಾಗ ಅವಳ ಮುಖದಲ್ಲಿ ಒಂದು ಬಗೆಯ ಗೆಲುವಿತ್ತು. ನನಗೆ ಏನೋ ಹೇಳಲಿದ್ದಾಳೆ ಎನ್ನಿಸಿತು. ಹೇಳಲಿಲ್ಲ.

ನಲವತ್ತೆಂಟು ದಿನ ಮುಗಿದಾಗ, ಗಾಯ ಇಷ್ಟು ಬೇಗ ಉರಿ ಬಿಟ್ಟದ್ದೇ ಎಲೆಯ ಗುಣಕ್ಕೆ ಸಾಕ್ಷಿ ಎಂದುಕೊಂಡು ಅವ್ವ ಇನ್ನೊಂದು ಸುತ್ತು ಹಿಡಿದಳು. ದಿನಾ ಎಂಟು ತಾಸು ಆ ಪಾದ ಮೆಣಸಿನಕಾಯಿಯಲ್ಲಿ ಹುಗಿದಿರುತ್ತಿತ್ತು. ಉರಿಯಲಿಲ್ಲ.

ಏಪ್ರಿಲ್‌ನ ಒಂದು ಭಾನುವಾರ ನಾನು ಬಾಗಿಲು ದಾಟಿದ ಕೂಡಲೇ ವಾಸನೆ ಬಂತು. ನಮ್ಮ ಮನೆಗೆ ಯಾವಾಗಲೂ ಘಾಟಿನ ವಾಸನೆ. ಇದು ಅದರ ಅಡಿಯಲ್ಲಿತ್ತು. ಇಲಿ ಸತ್ತಿರಬೇಕೆಂದು ಕಪಾಟಿನ ಹಿಂದೆ, ಕಟ್ಟಿಗೆಯ ಸಂದಿಯಲ್ಲಿ ಹುಡುಕಿದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕುಳಿತಿದ್ದಳು. ಅವಳ ಹತ್ತಿರ ಹೋದಾಗ ವಾಸನೆ ಹೆಚ್ಚಾಯಿತು. ಎಡಪಾದಕ್ಕೆ ಹಳೆ ಸೀರೆಯ ಅಂಚು ಸುತ್ತಿಕೊಂಡಿದ್ದಳು.

"ಬಿಚ್ಚು."

"ಏನಿಲ್ಲ ಬಿಡಬೇ. ರೊಟ್ಟಿ ಆರತೈತಿ, ತಿನ್ನು."

ನಾನೇ ಬಿಚ್ಚಿದೆ. ಹೆಬ್ಬೆರಳು ಕಪ್ಪಾಗಿತ್ತು. ಪಕ್ಕದ ಬೆರಳು ಊದಾ ಬಣ್ಣಕ್ಕೆ ತಿರುಗಿತ್ತು. ಕೆಳಗಿನ ಗಾಯದಲ್ಲಿ ಮೆಣಸಿನ ಬೀಜ ಎರಡು ಅಂಟಿಕೊಂಡಿದ್ದವು. ನಾನು ಅವನ್ನು ಉಗುರಿನಿಂದ ತೆಗೆದೆ. ಅವ್ವ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವಳು ರೊಟ್ಟಿಯನ್ನು ತಿರುವಿ ಹಾಕುತ್ತಿದ್ದಳು. ನಾನು ಮುಟ್ಟಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

"ನೋಡು, ಉರಿ ಇಲ್ಲ," ಎಂದಳು. "ಬಣ್ಣ ಅಷ್ಟ ಕೆಟ್ಟೇತಿ."

ಹಾವೇರಿಯ ದವಾಖಾನೆಗೆ ಅಂದೇ ಮಧ್ಯಾಹ್ನ ಒಯ್ದೆ. ರಕ್ತದಲ್ಲಿ ಸಕ್ಕರೆ ಎಷ್ಟಿತ್ತೆಂದರೆ ದಾದಿ ಯಂತ್ರ ಕೆಟ್ಟಿದೆಯೆಂದು ಇನ್ನೊಂದು ತಂದು ನೋಡಿದಳು. ಡಾಕ್ಟರು ನನ್ನದೇ ವಯಸ್ಸಿನ ಹೆಂಗಸು. ನನ್ನನ್ನು ವಾರ್ಡಿನ ಹೊರಗೆ ಕರೆದು ನಿಧಾನವಾಗಿ ಹೇಳಿದರು.

"ನರ ಸತ್ತಾವ್ರಿ. ಅದಕ್ಕ ಅವರಿಗೆ ನೋವು, ಉರಿ ಗೊತ್ತಾಗಿಲ್ಲ. ಕಾಲಿನ ಬಟ್ಟು ಉಳಿಯೂದಿಲ್ಲ, ತಗೀಬೇಕು. ಎರಡು ಮೂರು ದಿನದಾಗ ತಗದ್ರ ಪಾದ ಉಳಿಸಾಕ ನೋಡತೇವಿ. ತಡಾ ಮಾಡಿದ್ರ ಮೊಣಕಾಲ ಮಟಾ ಹೋಗತೈತಿ. ಗುಳಿಗಿ ತಗೋತಿದ್ರೇನು?"

"ದಿನಕ್ಕೆ ಎರಡು. ನಾನೇ ಎಣಿಸಿದ್ದೇನೆ."

ಅವರು ನನ್ನನ್ನು ನೋಡಿದರು. ಆ ನೋಟದ ಅರ್ಥ ನನಗೆ ತಕ್ಷಣ ಆಯಿತು. ಒಳಗೆ ಹೋಗಿ ಅವ್ವನ ಮಂಚದ ಮೇಲೆ ಕುಳಿತು, ಮೊದಲ ಸಲ, ಬಿಡದೆ ಕೇಳಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಆಮೇಲೆ ಎಲ್ಲ ಹೇಳಿದಳು. ದಿನಾ ಎರಡು ಗುಳಿಗೆಯನ್ನು ಪಟ್ಟಿಯಿಂದ ಒತ್ತಿ ತೆಗೆದು ಶಾವಿಗೆಯ ಡಬ್ಬಿಯಲ್ಲಿ ಹಾಕುತ್ತಿದ್ದಳಂತೆ. ನಾನು ಎಣಿಸುತ್ತೇನೆಂದು.

"ಒಗೀಲಿಲ್ಲವಾ. ಅಷ್ಟೂ ಇಟ್ಟೇನಿ. ಯಾರಿಗರೆ ಬೇಕಾದ್ರ ಕೊಡಾಕ ಬರತೈತಿ."

"ಯಾಕವ್ವಾ?"

"ನೀನ ಹೇಳಿದೆಲ್ಲ. ಅಷ್ಟ ದೊಡ್ಡ ಜಡ್ಡಿಗೆ ನಡೀತೈತಿ ಅಂತ."

ಡಾಕ್ಟರನ್ನು ನಾನು ಕೇಳಿದೆ, ಕಾಲು ಮರಗಟ್ಟಿದ್ದು ಆ ಎಲೆಯಿಂದಲೂ ಇರಬಹುದೇ ಎಂದು. "ಇರಬಹುದು, ಹೇಳಾಕ ಬರೂದಿಲ್ಲ," ಎಂದರು. "ಗುಳಿಗಿ ಬಿಟ್ಟಿದ್ದ ಸಾಕು ಇಷ್ಟಾಗಾಕ." ಅವರಿಗೆ ಅದು ಮುಖ್ಯವಾಗಿರಲಿಲ್ಲ. ನನಗೆ ಉತ್ತರದ ಅರ್ಧ ಮೊದಲೇ ಗೊತ್ತಿತ್ತು. ಆ ಎಲೆಯಿಂದ ಶುದ್ಧ ಮಾಡಿ ತೆಗೆದ ಔಷಧವನ್ನು ಅಳತೆ ನೋಡಿ ರಕ್ತನಾಳಕ್ಕೆ ಕೊಡುತ್ತಾರೆ, ಹಾಗೆ ಕೊಟ್ಟರೂ ಕೆಲವು ರೋಗಿಗಳ ಕೈಕಾಲಿನ ಬೆರಳು ಜೋಮು ಹಿಡಿಯುತ್ತವೆ. ನನ್ನ ಪಠ್ಯಪುಸ್ತಕದಲ್ಲಿ ಆ ಸಾಲಿನ ಕೆಳಗೆ ನಾನೇ ಪೆನ್ಸಿಲಿನಿಂದ ಗೆರೆ ಎಳೆದಿದ್ದೆ. ಪರೀಕ್ಷೆಯಲ್ಲಿ ಬಂದಿತ್ತು, ಬರೆದಿದ್ದೆ. ಅಂದು ಕಟ್ಟೆಯ ಮೇಲೆ ಅವ್ವ ಕೇಳಿದಾಗ ನನಗೆ ಆ ಸಾಲು ನೆನಪಾಗಲಿಲ್ಲ. ನೆನಪಾಗಿದ್ದರೂ ಹೇಳುತ್ತಿರಲಿಲ್ಲವೇನೋ. ಕೇಳಿರಲಿಲ್ಲವಲ್ಲ.

ಒಪ್ಪಿಗೆಯ ಕಾಗದ ಬಂತು. ಅವ್ವ ಸಹಿ ಮಾಡಲು ಒಪ್ಪಲಿಲ್ಲ.

"ಇನ್ನ ಒಂಬತ್ತು ದಿನ ಉಳದಾವು. ಮನೀಗೆ ಕರ್ಕೊಂಡು ನಡಿ. ಒಂಬತ್ತು ದಿನ ಮುಗೀಲಿ, ಆಮ್ಯಾಲ ನೀ ಹೇಳಿದಂಗ."

"ಒಂಬತ್ತು ದಿನಕ್ಕ ಕಾಲು ಇರೂದಿಲ್ಲವ್ವಾ."

"ನೀ ನನ್ನ ಬಾಯಿ ಬಿಡಿಸಿದಿ," ಎಂದಳು, ಬಹಳ ಮೆತ್ತಗೆ. "ಅಲ್ಲೀ ಮಟಾ ಚಲೋ ಇತ್ತು."

ಸೋಮವಾರ ಹೋಯಿತು. ಮಂಗಳವಾರ ಮೂರನೆಯ ಬೆರಳಿಗೂ ಬಣ್ಣ ಏರಿತು. ನಾನು ಕಾಲೇಜಿಗೆ ಫೋನು ಮಾಡಿ ರಜೆ ಹೇಳಿದೆ, ಕಾರಣ ಹೇಳಲಿಲ್ಲ. ವಾರ್ಡಿನಲ್ಲಿ ಪಕ್ಕದ ಮಂಚದವರು ಮೂಗು ಮುಚ್ಚಿಕೊಳ್ಳದೆ ಇರಲು ಪಡುವ ಕಷ್ಟ ನನಗೆ ಕಾಣುತ್ತಿತ್ತು. ಅವ್ವನ ಪಾದದ ಮೇಲೆ ಪೆನ್ನಿನಿಂದ ಡಾಕ್ಟರು ಕಪ್ಪಿನ ಅಂಚಿಗೆ ಒಂದು ಗೆರೆ ಎಳೆದಿದ್ದರು. ಮರುದಿನ ಕಪ್ಪು ಆ ಗೆರೆ ದಾಟಿತ್ತು. ಇನ್ನೊಂದು ಗೆರೆ ಎಳೆದರು. ನಾನು ದಿನವಿಡೀ ಆ ಎರಡು ಗೆರೆಗಳ ನಡುವಿನ ಜಾಗ ನೋಡುತ್ತ ಕುಳಿತೆ. ಬೇಡಿಕೊಂಡೆ. ಬೈದೆ. ಒಮ್ಮೆ ಅವಳ ಹೆಬ್ಬೆಟ್ಟನ್ನು ಬಲವಂತವಾಗಿ ಶಾಯಿಗೆ ಒತ್ತಿಸಲೇ ಎಂದು ಕೂಡ ಯೋಚಿಸಿದೆ. ಆದರೆ ಅವಳಿಗೆ ಸಹಿ ಬರುತ್ತದೆ. ನಾನೇ ಕಲಿಸಿದ್ದು, ಹೈಸ್ಕೂಲಿನಲ್ಲಿದ್ದಾಗ.

ಕಡೆಗೆ ಹೇಳಿದೆ: "ಅವ್ವಾ, ನಾ ಹೇಳಿದ್ದು ತಪ್ಪಿತ್ತು. ನನಗ ಸರಿಯಾಗಿ ಗೊತ್ತಿರಲಿಲ್ಲ. ಆ ಗಿಡ ಸಕ್ಕರೀಗೆ ಔಷಧಿ ಅಲ್ಲ."

ಅವಳು ತಿರುಗಿ ನನ್ನನ್ನು ನೋಡಿದಳು. ಕಾಲಿನ ಸುದ್ದಿ ಹೇಳಿದಾಗಲೂ ಅವಳ ಮುಖ ಹಾಗೆ ಆಗಿರಲಿಲ್ಲ. ಗೋದಾಮಿನಲ್ಲಿ ಹದಿನೆಂಟು ವರ್ಷ ಕೂತು ಓದಿಸಿದ್ದಳು.

"ಗೊತ್ತಿರಲಿಲ್ಲ?"

"ಇಲ್ಲ."

"ಅಷ್ಟು ಓದಿದಿ."

ಊಟದ ಗಾಡಿ ಬಂದು ಹೋಯಿತು. ಆಮೇಲೆ ಅವಳು ಕೇಳಿದ್ದು ನಾನು ಎದುರು ನೋಡದ ಮಾತು.

"ಶನಿವಾರ ಸಂಜೀಕ ಗಿಡಕ್ಕ ಹೇಳಿದ್ದೆ, ನಾಳಿ ಬರತೇನಿ ಅಂತ. ಐತವಾರ ಮುಂಜಾನೆ ಹೋಗಿ ತಿಂದೆ. ಮತ್ತ ಮರುದಿನಕ್ಕೂ ಹೇಳಿಟ್ಟ ಹೊಂಟೆ. ಅದು ಕಾಯ್ತಿರತೈತಿ. ಹೋಗಿ ಹೇಳಿ ಬಾ, ನಮ್ಮವ್ವ ಇನ್ನ ಬರೂದಿಲ್ಲ ಅಂತ. ಕುಂಕುಮ ಒರಿಸಿ ಬಾ. ಹೇಳದ ಬಿಟ್ರ ಪಾಪ ಬರತೈತಿ."

"ಹೇಳಿ ಬಂದ್ರ ಸಹಿ ಮಾಡ್ತೀ?"

"ಹೋಗಿ ಬಾ ಮೊದಲ."

ಮಧ್ಯಾಹ್ನದ ಬಸ್ಸು ಹಿಡಿದೆ. ಮೋಟೆಬೆನ್ನೂರು ಕ್ರಾಸಿನಲ್ಲಿ ಅದು ಹೆದ್ದಾರಿ ಬಿಟ್ಟು ತಿರುಗುವಷ್ಟರಲ್ಲಿ ನಾನು ಏನು ಹೇಳಬೇಕೆಂದು ವಾಕ್ಯ ಜೋಡಿಸುತ್ತಿದ್ದೆ. ಇದು ನಗುವ ವಿಷಯವಾಗಿತ್ತು, ಬೇರೆ ಯಾರದಾದರೂ ಆಗಿದ್ದರೆ. ಹೋಗದೆ ಬಸ್‌ಸ್ಟ್ಯಾಂಡಿನಲ್ಲೇ ಎರಡು ತಾಸು ಕುಳಿತು ಹೇಳಿ ಬಂದೆ ಎನ್ನಬಹುದಿತ್ತು. ಆ ಯೋಚನೆ ಬರಲೇ ಇಲ್ಲ ಎಂದು ಹೇಳಲಾರೆ. ಆದರೆ ಆ ಮನೆಯಲ್ಲಿ ಖಾಲಿ ಗುಂಡಿಗಳ ಲೆಕ್ಕದಲ್ಲಿ ಸಾಕಷ್ಟು ಸುಳ್ಳು ಆಗಿಹೋಗಿತ್ತು.

ಓಣಿಗೆ ಬಂದಾಗ ನಮ್ಮ ಮನೆಯ ಮುಂದೆ ಎದುರು ಮನೆಯ ಚಿಗವ್ವ ಕುಕ್ಕರುಗಾಲಲ್ಲಿ ಕುಳಿತು ಎಲೆ ಕೀಳುತ್ತಿದ್ದಳು. ಸೆರಗಿನಲ್ಲಿ ಒಂದು ಹಿಡಿ ಆಗಿತ್ತು.

"ಏನ ಮಾಡಾಕತ್ತೀ ಚಿಗವ್ವ?"

ಬೆಚ್ಚಿ ಎದ್ದು ನಿಂತಳು. "ಯವ್ವಾ, ಯಾವಾಗ ಬಂದಿ? ಅಕ್ಕ ಹೆಂಗದಾಳ?"

"ಆ ಎಲಿ ಯಾಕ?"

"ನನಗೂ ಸಕ್ರಿ ಬಂದೈತೆಲ್ಲ. ಯಾರಿಗೂ ಹೇಳಬಾರದು ಇದನ್ನ, ಆದ್ರ ನೀನ ಹೇಳಿಕೊಟ್ಟಾಕಿ, ನಿನ್ನ ಮುಂದ ಏನು ಮುಚ್ಚೂದು. ತನ್ನ ಮೊದಲನೇ ಸುತ್ತು ಮುಗದ ದಿನ ಅಕ್ಕ ಅಂದ್ಲು, ನನ್ನ ಮಗಳು ಓದಿದ್ದ ಇದನ್ನ, ಅಕಿ ಬರದ ಹಚ್ಚ್ಯಾಳ ನೋಡು ಗಿಡಕ್ಕ ಅಂತ." ಅವಳು ಪಟ್ಟಿಯ ಕಡೆ ಕೈ ತೋರಿಸಿದಳು. "ಅದರಾಗ ಅದ ಬರದೈತೆಲ್ಲ? ಯಾವ ಜಡ್ಡಿಗೆ, ಎಷ್ಟು ಎಲಿ ಅಂತ?"

ನಾನು ಕಟ್ಟೆಯ ಮೇಲೆ ಕುಳಿತೆ. ಮಣ್ಣಿನಲ್ಲಿ ನಿಂತಿದ್ದ ಆ ಪಟ್ಟಿಯ ಮೇಲೆ ನನ್ನ ದುಂಡು ಅಕ್ಷರಗಳು ಇನ್ನೂ ಅಳಿಸಿರಲಿಲ್ಲ.

"ಅವ್ವನ ಕಾಲು ತಗೀತಾರ ಚಿಗವ್ವ. ಇದನ್ನ ತಿಂದ, ಗುಳಿಗಿ ಬಿಟ್ಟದ್ದಕ್ಕ."

"ಥೂ, ಬಿಡ್ತು ಅನ್ನು. ದಬ್ಬಣ ಹೊಕ್ಕಿದ್ದಕ್ಕ ಆಗೇತಿ ಅದು."

"ಅದರಾಗ ಬರದದ್ದು ಬರೇ ಹೆಸರು. ಔಷಧಿ ಅಂತ ಬರದಿಲ್ಲ."

"ಬರೇ ಹೆಸರು?" ಅವಳು ನನ್ನನ್ನೂ ಪಟ್ಟಿಯನ್ನೂ ನೋಡಿದಳು. ಸೆರಗಿನ ಎಲೆಗಳನ್ನು ಚೆಲ್ಲಲಿಲ್ಲ. "ನೀ ದಣದೀಯವ್ವ. ಒಂದ ಗುಟುಕು ಚಾ ಕುಡಿ ಬಾ."

ಅವಳು ಒಳಗೆ ಹೋದ ಮೇಲೆ ನಾನು ಗಿಡದ ಮುಂದೆ ಕುಳಿತೆ. ಬುಡದ ಕಲ್ಲಿನ ಮೇಲೆ ಕುಂಕುಮ ಒಣಗಿತ್ತು. ಹೂಗಳು ಎಂದಿನಂತೆ ಬಿಟ್ಟಿದ್ದವು. ಅವ್ವನ ಹೆಸರು ಹೇಳಿ, ಅವಳು ಇನ್ನು ಬರುವುದಿಲ್ಲ ಎಂದೆ. ಜೋರಾಗಿ ಅಲ್ಲ, ಆದರೆ ತುಟಿ ಬಿಚ್ಚಿ ಹೇಳಿದೆ. ಹಾಗೆ ಹೇಳಿದಾಗ ಅದರ ಇನ್ನೊಂದು ಅರ್ಥವೂ ಕೇಳಿಸಿತು. ಕುಂಕುಮವನ್ನು ಒದ್ದೆ ಬೆರಳಿನಿಂದ ಒರೆಸಿದೆ. ಆಮೇಲೆ ಗಿಡಗಳನ್ನು ಕೀಳತೊಡಗಿದೆ. ಕೆಲವು ಬೇರು ಸಹಿತ ಬಂದವು, ಕೆಲವು ಬುಡದಲ್ಲಿ ಮುರಿದವು. ಕೈಗೆ ಬಿಳಿ ಹಾಲು ಅಂಟಿತು. ಹತ್ತನ್ನೂ ಕಿತ್ತು ಎದ್ದು ನಿಂತಾಗ ಓಣಿ ಪೂರ್ತಿ ಕಂಡಿತು. ಚಿಗವ್ವನ ಬಾಗಿಲ ಪಕ್ಕದ ಎಣ್ಣೆಡಬ್ಬಿಯಲ್ಲಿ ಬಿಳಿ ಹೂ, ಕೆಂಪು ಕಣ್ಣು. ಮೂಲೆಮನೆಯ ಕಟ್ಟೆಯ ಕೆಳಗೆ. ನಳದ ಹತ್ತಿರ. ಗಟಾರದ ಕಲ್ಲಿನ ಸಂದಿಯಲ್ಲಿ, ಸಾಲಾಗಿ. ಒಂದು ಸಸಿಯಿಂದ ಹುಟ್ಟಿದ್ದು. ಪಟ್ಟಿ ಮಾತ್ರ ಒಂದೇ ಇತ್ತು. ಅದನ್ನು ಎರಡು ತುಂಡು ಮಾಡಿ ಬ್ಯಾಗಿನಲ್ಲಿ ಹಾಕಿಕೊಂಡೆ.

ಹಾವೇರಿಗೆ ಮರಳಿದಾಗ ಅವ್ವ ಎಚ್ಚರವಾಗಿದ್ದಳು.

"ಹೇಳಿ ಬಂದ್ಯಾ?"

"ಹೇಳಿದೆ."

"ಏನಂತು?"

ನಾನು ಏನನ್ನೂ ಸಿದ್ಧಮಾಡಿಕೊಂಡಿರಲಿಲ್ಲ. ನನ್ನ ಉಗುರಿನ ಸಂದಿಯಲ್ಲಿ ಮಣ್ಣಿತ್ತು. ಅವ್ವ ಅದನ್ನು ನೋಡುತ್ತಿದ್ದಳು.

"ಲಗೂ ತಗಸು ಅಂತು."

ಅವಳು ಕಾಗದಕ್ಕೆ ಕೈ ಚಾಚಿದಳು. ನಾನು ಕಲಿಸಿದ ಹಾಗೆಯೇ, ಒಂದೊಂದು ಅಕ್ಷರವನ್ನೂ ಬಿಡಿಸಿ, ತಲೆಕಟ್ಟು ತಪ್ಪದೆ ಸಹಿ ಮಾಡಿದಳು.

ಬುಧವಾರ ಬೆರಳು ಐದೂ ಹೋದವು. ಮುಂದಿನ ವಾರ ಪಾದ ಹೋಯಿತು. ಆ ತಿಂಗಳ ಕೊನೆಗೆ ಮೊಣಕಾಲಿನ ಕೆಳಗೆ ಒಂದು ಗೇಣು ಉಳಿಸಿ ನಿಲ್ಲಿಸಿದರು. ಎರಡು ದಿನ ಮೊದಲೇ ಸಹಿ ಆಗಿದ್ದರೆ ಎಂದು ನಾನು ಕೇಳಲಿಲ್ಲ. ಡಾಕ್ಟರೂ ಹೇಳಲಿಲ್ಲ.

ಈಗ ಅವ್ವ ರಾಣೇಬೆನ್ನೂರಿನಲ್ಲಿ ನನ್ನ ಜೊತೆ ಇದ್ದಾಳೆ. ಗುಳಿಗೆಯನ್ನು ನಾನೇ ಬಾಯಿಗೆ ಹಾಕಿ ನೀರು ಕೊಡುತ್ತೇನೆ. ನುಂಗಿದ ಮೇಲೆ ಅವಳು, ನಾನು ಕೇಳದಿದ್ದರೂ, ಬಾಯಿ ತೆರೆದು ನಾಲಿಗೆ ತೋರಿಸುತ್ತಾಳೆ. ಆಗ ನಾನು ಬೇರೆ ಕಡೆ ನೋಡಲಾರದೆ ನೋಡುತ್ತೇನೆ. ಚಿಗವ್ವ ಒಮ್ಮೆ ನೋಡಲು ಬಂದಿದ್ದಳು. ಎಲೆ ಬಿಟ್ಟಿದ್ದೀಯಾ ಎಂದು ಕೇಳಿದೆ. "ಯಾವಾಗ್ಲೋ ಬಿಟ್ಟೇನವಾ," ಎಂದಳು, ಅವ್ವನ ಕಡೆ ನೋಡುತ್ತ. ಅವ್ವ ತನ್ನ ಸೆರಗು ನೋಡಿಕೊಳ್ಳುತ್ತಿದ್ದಳು.

ಹೋದ ತಿಂಗಳು ಒಂದು ಮುಂಜಾನೆ ನಾನು ಸ್ನಾನ ಮುಗಿಸಿ ಬಂದಾಗ ಅವ್ವ ಗೋಡೆಗೆ ಒರಗಿ, ಒಗ್ಗರಣೆಗೆಂದು ತೆಗೆದಿಟ್ಟ ಒಣ ಮೆಣಸಿನಕಾಯಿಯನ್ನು ಮುರಿದು, ಉಳಿದ ಬಲಗಾಲಿನ ಒಡೆದ ಹಿಮ್ಮಡಿಗೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು ನಿಲ್ಲಿಸಿದಳು.

"ಉರೀತೈತೇನವ್ವಾ?"

"ಉರೀತೈತಿ," ಎಂದಳು. ನಾನು ಪ್ರಶ್ನೆ ಮುಗಿಸುವ ಮೊದಲೇ ಎಂದಳು.

ಮೆಣಸಿನಕಾಯಿ ತೆಗೆದುಕೊಂಡು, ಹಿಮ್ಮಡಿ ತೊಳೆದೆ. ಡಾಕ್ಟರು ತೋರಿಸಿಕೊಟ್ಟಂತೆ ಹತ್ತಿಯ ಎಳೆ ಹೊಸೆದು ಎದುರು ಕುಳಿತೆ.

"ಕಣ್ಣು ಮುಚ್ಚು. ಮುಟ್ಟಿದಾಗ ಯಾವ ಬಟ್ಟು ಅಂತ ಹೇಳು."

ಅವಳು ಕಣ್ಣು ಮುಚ್ಚಿದಳು, ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಶಾಲೆಯ ಹುಡುಗಿಯ ಹಾಗೆ. ನಾನು ಹತ್ತಿಯನ್ನು ಕೈಯಲ್ಲೇ ಹಿಡಿದುಕೊಂಡು ಅವಳ ಮುಖ ನೋಡುತ್ತಿದ್ದೆ. ಇನ್ನೂ ಮುಟ್ಟಿರಲಿಲ್ಲ.

"ಕಿರಿಬಟ್ಟು," ಎಂದಳು ಅವ್ವ. "ಹೌದಲ್ಲ? ಪಾಸೋ, ಫೇಲೋ?"